ಶಿರಸ್ತೇದಾರರು ಬರೆದುಕೊಟ್ಟ ಹಬ್ಬದ ಊಟ

ಹಾವೇರಿಯ ನಮ್ಮ ಕಚೇರಿಯಲ್ಲಿ ಶಿರಸ್ತೇದಾರರಿಗೆ ಬೀಳ್ಕೊಡುಗೆ ಕೊಟ್ಟ ದಿನ ಐದಾರು ಜನ ಮಾತಾಡಿದರು. ಅವರ ಅಕ್ಷರ ಮುತ್ತಿನಂಥದು ಎಂದರು ಒಬ್ಬರು. ಹಳೆಯ ಕಡತ ಯಾವ ಕಪಾಟಿನ ಯಾವ ಮೂಲೆಯಲ್ಲಿದೆ ಎಂದು ಕುಂತಲ್ಲಿಂದಲೇ ಹೇಳುತ್ತಿದ್ದರು ಎಂದರು ಇನ್ನೊಬ್ಬರು. ಎಲ್ಲವೂ ನಿಜ. ಬೆರಳಚ್ಚುಗಾರ್ತಿಯಾಗಿ ಅವರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಮಾಡಿದ ನನ್ನನ್ನೂ ಮಾತಾಡಲು ಕರೆದರು. ನಾನು ಎದ್ದು ನಿಂತು, "ಅವರಿಂದ ನಮ್ಮ ಮನೆಯಲ್ಲಿ ಒಂದು ದೀಪಾವಳಿ ಆಯಿತು" ಎಂದಷ್ಟೇ ಹೇಳಿ ಕೂತುಬಿಟ್ಟೆ. ಪಟಾಕಿಗೋ ಬಟ್ಟೆಗೋ ಸಹಾಯ ಮಾಡಿರಬೇಕು ಎಂದು ಹಲವರು ತಿಳಿದರಂತೆ. ಅಲ್ಲಿ ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತೇನೆ.

ಅವರು ರಾಣೆಬೆನ್ನೂರಿನಿಂದ ಬೆಳಗಿನ ಪ್ಯಾಸೆಂಜರ್ ಹತ್ತಿ ಬರುತ್ತಿದ್ದರು. ನಾನು ಬ್ಯಾಡಗಿಯಲ್ಲಿ ಹತ್ತುತ್ತಿದ್ದೆ. ಉದ್ದನೆಯ ಆಳು, ಸ್ವಲ್ಪ ಇಳಿದ ಭುಜ, ಕನ್ನಡಕಕ್ಕೆ ಕಪ್ಪು ದಾರ. ನಾಲ್ಕು ಡಬ್ಬಿಯ ಸ್ಟೀಲ್ ಟಿಫಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಕೆಳಗಿಟ್ಟದ್ದನ್ನು ನಾನು ಎಂದೂ ನೋಡಿಲ್ಲ. ಹಾವೇರಿ ಸ್ಟೇಷನ್ನಿನ ಹೊರಗೆ ಸೊಪ್ಪು ಮಾರುವ ಹೆಂಗಸೊಬ್ಬಳು ಕೂರುತ್ತಿದ್ದಳು. ಇವರು ದಿನಾ ಅವಳ ಮುಂದೆ ನಿಂತು ಕೊತ್ತಂಬರಿಯ ಒಂದು ಎಲೆ ಹರಿದು, ಬೆರಳಲ್ಲಿ ಉಜ್ಜಿ ಮೂಸಿ, "ಇದು ನಿನ್ನಿದು, ತಾಜಾ ಅಲ್ಲ" ಎಂದು ಮುಂದೆ ಹೋಗುತ್ತಿದ್ದರು. ಒಂದು ದಿನ ಅವಳು, "ನಾಳಿಂದ ಆ ಮೂಗು ಕಟ್ಟಿಕೊಂಡು ಬರ್ರಿ ಸಾಹೇಬ್ರ, ನನ್ನ ವ್ಯಾಪಾರ ಹಾಳಾಗಾಕತ್ತೈತಿ" ಅಂದಳು. ಅವರು ನಗಲಿಲ್ಲ. ಮರುದಿನ ಮೂಸದೆ ಎರಡು ಕಟ್ಟು ಕೊಂಡರು. ಕಚೇರಿಗೆ ಬಂದ ಮೇಲೆ ಮೂಸಿ, "ಇದೂ ನಿನ್ನಿದ" ಎಂದರು.

ಮೊದಲ ಎರಡು ವರ್ಷ ನನಗೆ ಅವರೆಂದರೆ ಹೆದರಿಕೆ. ಬೈಯುತ್ತಿರಲಿಲ್ಲ. ಟೈಪು ಮಾಡಿದ್ದರಲ್ಲಿ ತಪ್ಪಿದ್ದರೆ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ತಪ್ಪಿಲ್ಲದಿದ್ದರೂ ಒಂದು ಒಳ್ಳೆಯ ಮಾತಿಲ್ಲ. ಹತ್ತು ನಿಮಿಷ ತಡವಾಗಿ ಬಂದವರ ಮುಖವನ್ನು ಸಂಜೆವರೆಗೂ ನೋಡುತ್ತಿರಲಿಲ್ಲ.

ಹೆದರಿಕೆ ಹೋದದ್ದು ಒಬ್ಬ ಮುದುಕಿಯಿಂದ. ಹೊಸರಿತ್ತಿ ಕಡೆಯ ಹಳ್ಳಿಯಿಂದ ಬಂದಿದ್ದಳು. ಆಸ್ತಿ ಕಾಗದದ ನಕಲು ಬೇಕಿತ್ತು. ಅರ್ಜಿಯ ಜೊತೆ ತರಬೇಕಾದ ಒಂದು ಚೀಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ನಾನು, "ಇವತ್ತ ಆಗೂದಿಲ್ಲಬೇ, ಹೋಗಿ ಬಾ" ಎಂದೆ. ಶಿರಸ್ತೇದಾರರು ಹಿಂದಿನಿಂದ ಎದ್ದು ಬಂದರು. ಊರಿನಲ್ಲಿ ಯಾರ ಹತ್ತಿರ ಫೋನಿದೆ ಎಂದು ಮುದುಕಿಯನ್ನು ಕೇಳಿದರು. ಆ ನಂಬರಿಗೆ ಫೋನು ಹಚ್ಚಿ ಚೀಟಿಯ ಮೇಲಿದ್ದ ಅಂಕಿ ಓದಿಸಿ ಬರೆದುಕೊಂಡರು. ಮುದುಕಿ ಹೋದ ಮೇಲೆ ನನಗೆ ಹೇಳಿದರು: "ನೋಡು ತಂಗಿ, ಆಗೂದಿಲ್ಲ ಅನ್ನೂದು ಅರ್ಧಾ ಮಾತು. ಬದ್ಲಿ ಏನು ಅಂತ ಹೇಳಿದ್ರ ಅದು ಪೂರಾ ಆಗತೈತಿ."

ಮಧ್ಯಾಹ್ನದ ಊಟಕ್ಕೆ ಕಚೇರಿಯವರೆಲ್ಲ ಒಟ್ಟಿಗೆ ಕೂರುತ್ತಿದ್ದೆವು. ಅವರ ಡಬ್ಬಿಗಳು ನೋಡಲು ಚೆಂದ. ಕೆಂಪಗೆ ಪಲ್ಯ, ಹಸಿರು ಪಚಡಿ, ಬಿಳಿ ರೊಟ್ಟಿ. ಬಾಯಿಗಿಟ್ಟರೆ ಉಪ್ಪಿಲ್ಲ. ಒಂದು ಸಲ ಆಯುಧ ಪೂಜೆಗೆ ಎಲ್ಲರಿಗೂ ಆಗುವಷ್ಟು ಕೋಸಂಬರಿ ಮಾಡಿ ತಂದಿದ್ದರು. ಎಲ್ಲರೂ ಒಂದೊಂದು ಚಮಚ ತಿಂದು, ಬಹಳ ಚೆನ್ನಾಗಿದೆ ಎಂದು ಕೈ ತೊಳೆದುಕೊಂಡೆವು. ಜವಾನ ಮಾತ್ರ, "ಸಾಹೇಬ್ರ, ಉಪ್ಪಿನ ಡಬ್ಬಿ ಮನ್ಯಾಗ ಬಿಟ್ಟು ಬಂದೀರೇನ್ರಿ?" ಎಂದು ಕೇಳಿದ. ಅವರಿಗೆ ಬಿ.ಪಿ. ಇರಬೇಕು ಎಂದು ನಾವೆಲ್ಲ ನಮ್ಮಷ್ಟಕ್ಕೆ ತೀರ್ಮಾನಿಸಿದ್ದೆವು. ಹೆಂಡತಿ ತೀರಿಕೊಂಡಿದ್ದರು ಎಂಬುದೊಂದು ಗೊತ್ತಿತ್ತು. ಹೆಚ್ಚಿನದನ್ನು ಯಾರೂ ಕೇಳಿರಲಿಲ್ಲ.

ಆ ದೀಪಾವಳಿಯ ವರ್ಷ ಶ್ರಾವಣದಲ್ಲಿ ನನ್ನ ಮಾವ ಕಾಯಿಲೆ ಬಿದ್ದರು. ಬ್ಯಾಡಗಿ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದ ಮನುಷ್ಯ ಅವರು. ಈಗ ಅಂಗಡಿಯನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ. ಅತ್ತೆ ಹೋಗಿ ಬಹಳ ವರ್ಷವಾಯಿತು. ಮಾವನ ಹೃದಯ ಸೋತಿದೆ ಎಂದರು ವೈದ್ಯರು. ಮೈಯಲ್ಲಿ ನೀರು ನಿಲ್ಲುತ್ತಿತ್ತು; ಕಾಲು ಬಾತು, ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಉಪ್ಪು ಚಿಟಿಕೆಯಷ್ಟು, ಎಣ್ಣೆ ಕಡಿಮೆ, ಸಿಹಿ ಹೆಸರಿಗೆ, ನೀರು ಅಳತೆ, ದಿನಾ ಬೆಳಿಗ್ಗೆ ತೂಕ ನೋಡಬೇಕು ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದರು.

ನಾನು ಅವರಿಗೆ ಬೇರೆ ಅಡುಗೆ ಮಾಡತೊಡಗಿದೆ. ಬೇಯಿಸಿದ ತರಕಾರಿ, ಬೇಳೆಕಟ್ಟು, ಮೆತ್ತನೆಯ ಅನ್ನ. ಅವರು ತಮ್ಮ ಕೋಣೆಯಲ್ಲೇ ಉಣ್ಣುತ್ತಿದ್ದರು. ನಾಲ್ಕು ತುತ್ತು ತಿಂದು ತಾಟು ಸರಿಸುತ್ತಿದ್ದರು. ಮಾತು ಕಡಿಮೆಯಾಯಿತು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಜಾಡಿಯಿಂದ ಮಾವಿನಕಾಯಿ ಉಪ್ಪಿನಕಾಯಿ ತೆಗೆದುಕೊಂಡು ಅನ್ನಕ್ಕೆ ಕಲಸಿ ಉಂಡಿದ್ದರು. ಮೂರನೆಯ ದಿನ ಬೆಳಿಗ್ಗೆ ಮಲಗಲಾಗದೆ, ಕೂರಲಾಗದೆ ಏದುಸಿರು ಬಿಡುತ್ತಿದ್ದವರನ್ನು ಮತ್ತೆ ಆಸ್ಪತ್ರೆಗೆ ಒಯ್ದೆವು. "ಈ ಸಲ ಉಳಿಸಿಕೊಂಡೇವಿ. ಮತ್ತೊಮ್ಮೆ ಹಿಂಗಾದ್ರ ನಾನು ಏನೂ ಹೇಳಾಕ ಆಗೂದಿಲ್ಲ" ಎಂದರು ವೈದ್ಯರು.

ದೀಪಾವಳಿಗೆ ಇನ್ನು ಹದಿನೈದು ದಿನವಿತ್ತು. ಪ್ರತಿ ವರ್ಷ ಲಕ್ಷ್ಮೀ ಪೂಜೆಯ ಸಂಜೆ ಹಾವೇರಿಯಿಂದ ನನ್ನ ನಾದಿನಿ ಮತ್ತು ಅವಳ ಗಂಡ ಬರುತ್ತಾರೆ. ನಾನು, ನನ್ನ ಗಂಡ, ಮಗಳು, ಅವರಿಬ್ಬರು, ಮಾವ. ಆರೇ ಜನ. ಆದರೂ ಮಾವನಿಗೆ ಅದು ವರ್ಷದ ದೊಡ್ಡ ಊಟ. ಈ ಸಲ ಅವರು ನನ್ನನ್ನು ಕರೆದು ಹೇಳಿದರು: "ಅವತ್ತ ನನ್ನ ತಾಟು ಹಾಕಬ್ಯಾಡವಾ. ನೀವೆಲ್ಲಾ ಉಣ್ಣೂದನ್ನ ನೋಡಕೋಂತ ಕುಂದ್ರಾಕ ನಾನೇನು ಬೆಕ್ಕೇನು?"

ನನ್ನ ಗಂಡ, "ಈ ವರ್ಷ ಹಬ್ಬ ಬಿಟ್ಟಬಿಡೂಣು. ತಂಗಿಗೆ ಬರಬ್ಯಾಡ ಅಂತ ಹೇಳತೇನಿ" ಎಂದರು. ನನಗೂ ಅದೇ ಸರಿ ಅನ್ನಿಸಿತು. ಕರಿದದ್ದು, ಉಪ್ಪಿನಕಾಯಿ, ಹಪ್ಪಳ ಎಲ್ಲ ಮನೆಗೆ ಬಂದು, ಮಾವ ಮತ್ತೆ ಕದ್ದು ತಿಂದು, ಮತ್ತೆ ಆಸ್ಪತ್ರೆ. ಆ ಹೆದರಿಕೆಯಲ್ಲಿ ನಾನು ಹದಿನೈದು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಮರುದಿನ ರೈಲಿನಲ್ಲಿ ವೈದ್ಯರ ಚೀಟಿ ಹಿಡಿದುಕೊಂಡು ಕೂತಿದ್ದೆ. ಶಿರಸ್ತೇದಾರರು ಕೇಳಿದರು, ಹೇಳಿದೆ.

"ಹಬ್ಬ ಮಾಡೂದಿಲ್ಲ ಅಂತ ಮಾಡೇವ್ರಿ" ಎಂದೆ.

"ಬದ್ಲಿ ಏನು ಮಾಡ್ತೀರಿ?"

"ಏನಿಲ್ರಿ."

ಅವರು ಹಾವೇರಿ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಮರುದಿನ ಒಂದು ಕಡೆ ಬರೆದು ಬೇಡವಾದ ಹಾಳೆಯೊಂದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ನಾನು ಕೂರುತ್ತಲೇ ಪೆನ್ನು ತೆಗೆದರು.

"ಎಷ್ಟು ಮಂದಿ?"

"ಆರು."

"ನಿಮ್ಮ ಮಾವ ಏನು ಕೆಲಸಾ ಮಾಡತಿದ್ರು?"

ಹೇಳಿದೆ. ಅವರ ಪೆನ್ನು ನಿಂತಿತು. "ಈಗ ಅವರ ಊಟದಾಗ ಖಾರ ಎಷ್ಟಿರತೈತಿ?"

"ಖಾರ ಇಲ್ರಿ. ಪಥ್ಯ ಅಲ್ರಿ?"

"ಖಾರ ಬ್ಯಾಡ ಅಂತ ಡಾಕ್ಟರ್ ಹೇಳ್ಯಾರೇನು? ಚೀಟಿ ತೆಗಿ."

ತೆಗೆದೆ. ಇಬ್ಬರೂ ಎರಡೆರಡು ಸಲ ಓದಿದೆವು. ಖಾರದ ಸುದ್ದಿ ಎಲ್ಲಿಯೂ ಇರಲಿಲ್ಲ. ಉಪ್ಪು ಬೇಡ ಎಂದಕೂಡಲೇ ನಾನೇ ಖಾರ, ಹುಳಿ, ಒಗ್ಗರಣೆ ಎಲ್ಲವನ್ನೂ ಬಿಡಿಸಿಬಿಟ್ಟಿದ್ದೆ.

"ನಲವತ್ತ ವರ್ಷ ಮೆಣಸಿನಕಾಯಿ ಒಳಗ ಕುಂತ ಮನಷ್ಯಾಗ ಎರಡು ತಿಂಗಳದಿಂದ ಬಿಳೇ ಅಡಿಗಿ ಹಾಕಾಕತ್ತಿ" ಎಂದರು. ಬೈಗುಳದ ಧ್ವನಿಯಿರಲಿಲ್ಲ. ಟೈಪಿನ ತಪ್ಪಿನ ಕೆಳಗೆ ಗೆರೆ ಎಳೆದ ಹಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಅವರು ಅದನ್ನು ನೋಡದವರಂತೆ ಬರೆಯತೊಡಗಿದರು.

ಹಾಗೆ ಹನ್ನೆರಡು ದಿನ, ಬ್ಯಾಡಗಿಯಿಂದ ಹಾವೇರಿಯ ನಡುವೆ, ಆ ಊಟ ತಯಾರಾಯಿತು. ಜೋಳದ ರೊಟ್ಟಿಗೆ ಹೇಗೂ ಉಪ್ಪು ಹಾಕುವುದಿಲ್ಲ, ಅದು ಮೊದಲು ಬಂತು. ಬದನೆಕಾಯಿ ಎಣ್ಣೆಗಾಯಿ ಮಾವನಿಗೆ ಪ್ರಾಣ. ಕಾಯಿಯನ್ನು ಮೊದಲು ಹಬೆಯಲ್ಲಿ ಬೇಯಿಸಿಕೊಂಡು, ಶೇಂಗಾ, ಎಳ್ಳು, ಗುರೆಳ್ಳು ಹುರಿದ ಮಸಾಲೆ ತುಂಬಿ, ಎರಡೇ ಚಮಚ ಎಣ್ಣೆಯಲ್ಲಿ ಮುಗಿಸುವುದು. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಉರಿ ಕಡಿಮೆ. "ಅದನ್ನ ಧಾರಾಳ ಹಾಕು. ಕಣ್ಣು ಮೊದಲು ಉಣ್ಣತಾವು" ಎಂದರು. ಮೊಳಕೆ ಮಡಿಕೆಕಾಳಿಗೆ ಬೆಳ್ಳುಳ್ಳಿ, ಕೊನೆಗೆ ಲಿಂಬೆಹುಳಿ. ಮೆಂತ್ಯದ ಸೊಪ್ಪಿನ ಹಸಿ ಪಚಡಿ. ಹೋಳಿಗೆ ಇರಲೇಬೇಕು, ಆದರೆ ಅಂಗೈಯಷ್ಟು, ಬೆಲ್ಲ ಕಡಿಮೆ, ತುಪ್ಪದ ಬದಲು ಹಾಲು, ತಲೆಗೆ ಒಂದೇ. ಹೋಳಿಗೆ ಬೇಳೆ ಬಸಿದ ಕಟ್ಟಿನಿಂದ ಹುಳಿ ಮುಂದಾದ ಸಾರು. ಕರಿದದ್ದು ಇಲ್ಲ. ಹಪ್ಪಳ, ಉಪ್ಪಿನಕಾಯಿ ಮನೆಯಲ್ಲೇ ಇರಬಾರದು. ಜಾಡಿ ಪಕ್ಕದ ಮನೆಗೆ. ಪೇಟೆಯಲ್ಲಿ ಬದಲಿ ಉಪ್ಪು ಸಿಗುತ್ತದಂತೆ, ತರಲೇ ಎಂದು ಕೇಳಿದೆ. "ಡಾಕ್ಟರನ್ನ ಕೇಳಲಾರದ ಅದನ್ನ ಮುಟ್ಟಬ್ಯಾಡ. ಕೆಲವು ಗುಳಿಗಿ ಜೋಡಿ ಅದು ಆಗಿಬರೂದಿಲ್ಲ" ಎಂದರು. ಇಡೀ ಪಟ್ಟಿಯನ್ನು ವೈದ್ಯರಿಗೆ ತೋರಿಸಿ ಬರಲು ಕಳಿಸಿದರು. ವೈದ್ಯರು ಓದಿ, ಸಾರಿನ ಪ್ರಮಾಣವೊಂದನ್ನು ಅರ್ಧ ಬಟ್ಟಲಿಗೆ ಇಳಿಸಿ, "ಇದನ್ನ ಯಾರು ಬರೆದ್ರು?" ಎಂದು ಕೇಳಿದರು.

ಪಟ್ಟಿಯ ಕೊನೆಗೆ ಅವರು ಒಂದು ಸಾಲು ಬರೆದಿದ್ದರು: ಆರೂ ತಾಟು ಒಂದೇ.

ನನಗೆ ಅದು ಒಪ್ಪಿಗೆಯಾಗಲಿಲ್ಲ. "ಬಂದವರಿಗೆ ಹಬ್ಬದ ದಿನ ಉಪ್ಪಿಲ್ಲದ ಊಟ ಹಾಕೂದು ಹೆಂಗ್ರಿ? ಅವರಿಗೆ ಬೇರೆ ಮಾಡತೇನಿ" ಎಂದೆ.

ಅವರು ಪಟ್ಟಿಯನ್ನು ಮಡಚಿ ನನ್ನ ಕೈಗಿಟ್ಟರು. ಆ ಭಾನುವಾರ ನಾನು ಎಣ್ಣೆಗಾಯಿ ಮಾಡಿ ನೋಡಿದೆ. ಬಾಯಿಗಿಡಲು ಆಗಲಿಲ್ಲ. ಸೋಮವಾರ ಅದನ್ನೇ ಡಬ್ಬಿಯಲ್ಲಿ ಒಯ್ದು ಅವರ ಮುಂದೆ ಹಿಡಿದೆ. ಕಣ್ಣು ಮುಚ್ಚಿ ಒಂದು ತುಣುಕು ತಿಂದರು.

"ಎಳ್ಳು ಸರಿ ಹುರದಿಲ್ಲ. ಹುಣಸಿಹುಳಿ ಸಾಲದು. ನನ್ನ ಹೆಂಡತಿ ಇದನ್ನ ಉಗಳತಿದ್ಲು."

ರೈಲು ಹಾವೇರಿಗೆ ಮುಂಚೆ ಸಿಗ್ನಲ್ಲಿಗೆ ನಿಂತಿತು. ಹೊಲದಲ್ಲಿ ಗೋವಿನಜೋಳ ಮುರಿಯುತ್ತಿದ್ದರು. ಡಬ್ಬಿಯ ಮುಚ್ಚಳ ಹಾಕುತ್ತ ಅವರು ಹೇಳಿದರು:

"ಆಕಿಗೆ ಕಿಡ್ನಿ ಕೆಟ್ಟಿದ್ವು. ಮೊದಲನೇ ವರ್ಷ ನಾನೂ ಎರಡು ಅಡಿಗಿ ಮಾಡತಿದ್ದೆ. ಆಕಿಗೆ ಸಪ್ಪನ್ದು, ನನಗ ಬೇರೆ. ಆಕಿ ಗ್ವಾಡಿ ಕಡೆ ಮುಖಾ ಮಾಡಿ ಕುಂತು ಉಣ್ಣಾಕಿ. ವಾಸನಿ ಬರಬಾರದು ಅಂತ ಕುಂತಾಳ ಅಂತ ತಿಳಿದಿದ್ದೆ. ಒಂದಿನ ಕೇಳಿದೆ. ‘ನೀವು ಉಣ್ಣುವಾಗ ನನ್ನ ಮುಖಾ ನೋಡೂದಿಲ್ಲ, ಅದಕ್ಕ ನಾನೂ ತಿರುಗಿ ಕುಂತೇನಿ’ ಅಂದ್ಲು. ಖರೇನ ಐತಿ, ನಾ ನೋಡತಿದ್ದಿಲ್ಲ. ನಾಚಿಕಿ ಆಗತಿತ್ತು. ಮರುದಿವಸ ನನ್ನ ಅಡಿಗಿ ಬಿಟ್ಟೆ. ಆಕಿದ ನಾನೂ ಉಂಡೆ. ಮುಂದ ಏಳು ವರ್ಷ ಇದ್ಲು."

"ನಿಮಗ ಬಿ.ಪಿ. ಐತಿ ಅಂತ ತಿಳಿದಿದ್ವಿರಿ" ಎಂದೆ.

"ನನಗೇನೂ ಇಲ್ಲ."

"ಮತ್ತ ಈಗ್ಯಾಕ ಉಪ್ಪು ಬಿಟ್ಟೀರಿ?"

"ರೂಢಿ ಆಗೈತಿ" ಎಂದರು. ರೈಲು ಹೊರಟಿತು.

ಅವತ್ತು ಸಂಜೆ ನಾದಿನಿಗೆ ಫೋನು ಮಾಡಿದೆ. ಚಕ್ಕಲಿ, ಖಾರದ ಅವಲಕ್ಕಿ ತರಬೇಡ, ಆರು ಜನಕ್ಕೂ ಒಂದೇ ಅಡುಗೆ ಎಂದೆ. ಅವಳು, "ಅಪ್ಪ ಉಣ್ಣತಾನಂದ್ರ ನಾ ಮಣ್ಣರ ತಿಂತೇನಿ, ವೈನಿ. ಆದ್ರ ನಮ್ಮ ಮನಿಯವರದು ನನಗ ಗೊತ್ತಿಲ್ಲ" ಎಂದಳು. ಅವಳ ಗಂಡ ಉಣ್ಣುವುದರಲ್ಲಿ ಗಟ್ಟಿಗ. ಮೊಸರನ್ನಕ್ಕೂ ಮೇಲುಪ್ಪು ಬೇಕು.

ಹಬ್ಬದ ಸಂಜೆ ಅಂಗಡಿಯ ಪೂಜೆ ಮುಗಿಸಿ ಎಲ್ಲರೂ ಬಂದಾಗ ಏಳು ಗಂಟೆ. ಮಾವನಿಗೆ ನೆಲದ ಮೇಲೆ ಕೂರಲಾಗುವುದಿಲ್ಲ. "ಅವರು ಖುರ್ಚಿ ಮ್ಯಾಲ ಕುಂತ್ರ ಎಲ್ಲಾರೂ ಖುರ್ಚಿ ಮ್ಯಾಲ" ಎಂದು ಶಿರಸ್ತೇದಾರರು ಅದನ್ನೂ ಹೇಳಿ ಕಳಿಸಿದ್ದರು. ಅಂಗಡಿಯ ಎರಡು ಮೇಜು ತಂದು ಜೋಡಿಸಿದ್ದೆವು. ಮಾವ ಕೋಣೆಯಿಂದ ಬರಲಿಲ್ಲ. ನನ್ನ ಮಗಳು, ಏಳನೆಯ ತರಗತಿಯವಳು, ಒಳಗೆ ಹೋಗಿ, "ಅಜ್ಜ, ಇವತ್ತ ಎಲ್ಲಾರದೂ ನಿಂದ ಅಡಿಗಿ. ನೀ ಬರಲಿಲ್ಲಂದ್ರ ನಾವಷ್ಟ ಯಾಕ ಉಣ್ಣೂದು?" ಎಂದಳು. ಐದು ನಿಮಿಷ ಕಳೆದು ಗೋಡೆ ಹಿಡಿದುಕೊಂಡು ಬಂದರು. ತಾಟುಗಳನ್ನು ಒಂದೊಂದಾಗಿ ನೋಡಿದರು. ಆರರಲ್ಲೂ ಅದೇ ಕೆಂಪು ಬದನೆಕಾಯಿ.

ನಾದಿನಿಯ ಗಂಡ ಮೊದಲ ತುತ್ತು ಬಾಯಿಗಿಟ್ಟು ಅಗಿದು, ಇನ್ನೂ ಸ್ವಲ್ಪ ಅಗಿದು, ರೂಢಿಯಂತೆ ಕೈ ಮುಂದೆ ಚಾಚಿ, "ವೈನಿ, ಸ್ವಲ್ಪ ಉಪ್..." ಎಂದು ನಿಲ್ಲಿಸಿಬಿಟ್ಟರು. ನಾದಿನಿ ತಲೆ ತಗ್ಗಿಸಿದಳು. ನನ್ನ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಅಲ್ಲೇ ನಿಂತಿತು.

ಮಾವ ಅಳಿಯನನ್ನು ನೋಡಿದರು. "ಅಡಿಗಿ ಮನ್ಯಾಗ ಐತಿ. ಹಾಕ್ಕೋರಿ. ನನಗೇನು ಬ್ಯಾಸರಿಲ್ಲ."

"ಬ್ಯಾಡ್ರಿ ಮಾವಾರ" ಎಂದರು ಅವರು. "ನಡಿತೈತಿ. ಎರಡನೇ ತುತ್ತಿಗೆ ರುಚಿ ಹತ್ತಾಕತ್ತೈತಿ." ಅದು ಸುಳ್ಳೋ ನಿಜವೋ ಗೊತ್ತಿಲ್ಲ. ಆ ಮನುಷ್ಯ ನಾಲ್ಕು ರೊಟ್ಟಿ ಉಂಡರು.

ಮಾವ ಎಣ್ಣೆಗಾಯಿಯ ಮಸಾಲೆಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಅಂಗಡಿಯಲ್ಲಿ ಕಾಯಿ ಪರೀಕ್ಷೆ ಮಾಡುವಾಗ ಹಾಗೆ ಮಾಡುತ್ತಿದ್ದರು. "ಇದು ಈ ವರ್ಷದ್ದಲ್ಲ" ಎಂದರು ನನ್ನ ಗಂಡನಿಗೆ. "ಹೋದ ವರ್ಷದ ಕಾಯಿ. ತಣ್ಣನ್ನ ಕ್ವಾಣ್ಯಾಗ ಇಟ್ಟಿದ್ದು. ಬಣ್ಣ ಉಳದೈತಿ, ವಾಸನಿ ಒಂದೀಟು ಇಳದೈತಿ."

"ಹೌದಪ್ಪ" ಎಂದರು ನನ್ನ ಗಂಡ. ತಮ್ಮ ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡರು.

ಅಲ್ಲಿಂದ ಮಾವ ಮಾತು ನಿಲ್ಲಿಸಲಿಲ್ಲ. ಯಾವ ಹೊಲದ ಕಾಯಿ ಹೇಗೆ, ಯಾವ ವರ್ಷ ಮಳೆಗೆ ಸಿಕ್ಕಿ ಹೇಗೆ ಕಪ್ಪಾಯಿತು, ನಾದಿನಿ ಸಣ್ಣವಳಿದ್ದಾಗ ಸೀನು ಬರುತ್ತದೆಂದು ಅವಳನ್ನು ಎಷ್ಟು ವರ್ಷ ಅಂಗಡಿಗೆ ಕರೆತಂದಿರಲಿಲ್ಲ ಎಂದೆಲ್ಲ ಹೇಳಿದರು. ಎರಡನೆಯ ರೊಟ್ಟಿ ಕೇಳಿ ಹಾಕಿಸಿಕೊಂಡರು. ಹೋಳಿಗೆ ಒಂದೇ ಎಂದಾಗ, "ಸಣ್ಣದು ಮಾಡೀದಿ, ಬೆರಿಕಿ ಅದಿ" ಎಂದು ನನ್ನ ಜಾಣತನವನ್ನು ಆಡಿಕೊಂಡು ಅದನ್ನು ಆರು ತುಣುಕು ಮಾಡಿ ನಿಧಾನ ತಿಂದರು.

ಮರುದಿನ ಬೆಳಿಗ್ಗೆ ಮಾವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ನಾನು ಬಗ್ಗಿ ಅಂಕಿ ನೋಡಿದೆ. ಹಿಂದಿನ ದಿನದಷ್ಟೇ ಇತ್ತು. ಅದರ ಮರುದಿನವೂ ಅಷ್ಟೇ. ಬೆರಳೊತ್ತಿ ನೋಡಿದರೆ ಪಾದದಲ್ಲಿ ಕುಳಿ ಬೀಳಲಿಲ್ಲ. ಅವತ್ತು ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದೆ. ಯಾರೂ ಎಬ್ಬಿಸಿರಲಿಲ್ಲ.

ರಜೆ ಮುಗಿದು ರೈಲಿನಲ್ಲಿ ಶಿರಸ್ತೇದಾರರಿಗೆ ಎಲ್ಲವನ್ನೂ ಹೇಳಿದೆ. ಅವರು, "ಎಳ್ಳು ಸರಿ ಹುರಿದಿದ್ದೇನು?" ಎಂದು ಕೇಳಿದರು. "ಹುರಿದಿದ್ದೆರಿ" ಎಂದೆ. ಕನ್ನಡಕ ತೆಗೆದು ಒರೆಸಿಕೊಂಡರು. ಒಂಬತ್ತು ವರ್ಷದಲ್ಲಿ ಅವರು ನನಗೆ "ಚಲೋ ಮಾಡಿದಿ" ಎಂದದ್ದು ಅವತ್ತೊಂದೇ ಸಲ.

ಮಾವ, "ಆ ಮನಷ್ಯಾನ್ನ ಒಮ್ಮೆ ಕರಕೊಂಡು ಬಾ" ಎಂದು ಹಟ ಹಿಡಿದರು. ಒಂದು ಭಾನುವಾರ ಬಂದರು. ಇಬ್ಬರೂ ನಿಧಾನ ನಡೆದು, ನಡುವೆ ಎರಡು ಕಡೆ ಕೂತು, ಮಾರುಕಟ್ಟೆಯ ಅಂಗಳ ನೋಡಿ ಬಂದರು. ಊಟಕ್ಕೆ ಕೂತಾಗ ಮಾವ ಕೇಳಿದರು: "ನಿಮ್ಮ ಮನ್ಯಾಗ ಯಾರ ಜೋಡಿ ಉಣ್ಣತೀರಿ?"

"ಒಬ್ಬನ ಇರತೇನ್ರಿ."

"ಹಂಗಾರ ಆದಿತ್ಯವಾರಕ್ಕೊಮ್ಮೆ ಇಲ್ಲಿ ಬರ್ರಿ. ನನಗೂ ಈ ಮಂದಿ ಜೋಡಿ ಉಂಡು ಉಂಡು ಸಾಕಾಗೈತಿ."

ನಿವೃತ್ತಿಯವರೆಗೂ ಅವರು ಹಾಗೆ ಬರುತ್ತಿದ್ದರು. ಆಮೇಲೆ ರಾಣೆಬೆನ್ನೂರಿನ ಮನೆ ಖಾಲಿ ಮಾಡಿ ಕಾಗಿನೆಲೆಯಲ್ಲಿರುವ ತಂಗಿಯ ಮನೆಗೆ ಹೋದರು. ತಂಗಿಯೂ ಒಂಟಿ, ಮನೆ ಹಿಂದೆ ಸ್ವಲ್ಪ ಜಾಗವಿದೆ, ಸೊಪ್ಪು ಹಾಕಿದ್ದಾರೆ. ಈಗ ಮೂಸಿ ನೋಡುವ ಕಾರಣವಿಲ್ಲ.

ಹೋದ ಭಾನುವಾರ ಮಾವ ಅಂಗಿ ಹಾಕಿಕೊಂಡು, ಗುಳಿಗೆಯ ಚೀಲ ಹಿಡಿದು, "ಕಾಗಿನೆಲಿಗೆ ಹೋಗಿ ಬರತೇನಿ" ಎಂದರು. ನನ್ನ ಗಂಡ ಗಾಡಿಯಲ್ಲಿ ಬಿಡುತ್ತೇನೆ ಎಂದರೆ ಬೇಡ ಎಂದರು. ಕಾಯಿಲೆಯಾದ ಮೇಲೆ ಅವರು ಒಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲು. ಹನ್ನೊಂದಕ್ಕೆ ಹೋದರು. ಹನ್ನೆರಡಾಯಿತು, ಒಂದಾಯಿತು. ಅಡುಗೆಯಾಗಿತ್ತು, ನಮಗೆ ಯಾರಿಗೂ ಉಣ್ಣಲು ಮನಸ್ಸಾಗಲಿಲ್ಲ. ಒಂದೂವರೆಗೆ ಫೋನು ಬಂತು.

"ಮುಟ್ಟೇನಿ. ಊಟಾನೂ ಆತು" ಎಂದರು ಮಾವ. ಹಿಂದೆ ತಾಟು ಎತ್ತುವ ಸಪ್ಪಳ, ಶಿರಸ್ತೇದಾರರು ಯಾರಿಗೋ ಏನೋ ಹೇಳುತ್ತಿದ್ದದ್ದು ಕೇಳಿಸಿತು. "ನೀವು ಇನ್ನೂ ಉಂಡಿಲ್ಲೇನು? ಉಣ್ರಿ, ಉಣ್ರಿ. ನಾ ಸಂಜಿ ಬಸ್ಸಿಗೆ ಬರತೇನಿ."

ಫೋನು ಕೆಳಗಿಟ್ಟೆ. ಮಗಳು ನೀರು ತುಂಬಿಟ್ಟಳು. ನಾವು ಮೂವರೂ ಕೂತು ಹೊಟ್ಟೆ ತುಂಬ ಉಂಡೆವು.